ರಾಜಸೌಧದ ಭಿತ್ತಿಯಲ್ಲಿ ದೇವನಾಮ

೧. ಪೀಠಿಕೆ

ಅರಸರ ಆಳ್ವಿಕೆಯ ಕಾಲದಲ್ಲಿ ರಾಜ್ಯದ ಕಾರ್ಯವೂ ದೇವರ ಹೆಸರೂ ಒಂದೇ ಕಲ್ಲಿನ ಮೇಲೆ ಕೂಡಿ ನಿಲ್ಲುತ್ತಿದ್ದುವು. ಕರ್ನಾಟಕದ ಊರೂರುಗಳಲ್ಲಿ ದೊರೆಯುವ ಶಿಲಾಶಾಸನಗಳನ್ನು ಕಂಡವರಿಗೆ ಇದು ತಿಳಿದ ಸಂಗತಿಯೇ ಆಗಿದೆ. ದತ್ತಿಬಿಟ್ಟ ಭೂಮಿಯ ವಿವರ, ಅದರ ಎಲ್ಲೆಕಟ್ಟು, ಸುಂಕದ ಮಾನ್ಯ ಇವೆಲ್ಲವೂ ಬರುವುದಕ್ಕೆ ಮೊದಲು ಶಿವಸ್ತುತಿಯೋ ಜಿನಸ್ತುತಿಯೋ ವಿಷ್ಣುಸ್ತುತಿಯೋ ಬರುವುದು. ಕಲ್ಲಿನ ನೆತ್ತಿಯಲ್ಲಿ ಲಿಂಗ, ನಂದಿ, ಸೂರ್ಯಚಂದ್ರರ ರೂಪಗಳು ಇರುವುವು. ದಾನ ಕೊಟ್ಟ ಅರಸನ ಭಕ್ತಿಯು ಯಾವ ದೈವದಲ್ಲಿ ನೆಲಸಿತ್ತೋ ಆ ದೈವದ ಹೆಸರು ಅಲ್ಲಿರುವುದು ಸಹಜವೆಂದು ಎಲ್ಲರೂ ತಿಳಿದಿದ್ದರು. ಏಕೆಂದರೆ ಅಲ್ಲಿ ಮಾತನಾಡುತ್ತಿದ್ದವನು ಆ ದಾನಿಯೊಬ್ಬನೇ.

ಪ್ರಜಾಪ್ರಭುತ್ವವು ಬಂದ ಮೇಲೆ ಈ ವಿಷಯದಲ್ಲಿ ಹೊಸದೊಂದು ಪ್ರಶ್ನೆಯು ತಲೆದೋರಿತು. ನ್ಯಾಯಸ್ಥಾನ, ಶಾಸನಸಭೆ, ಸರ್ಕಾರಿ ಪಾಠಶಾಲೆ ಇವು ಯಾವನೊಬ್ಬನ ಸೊತ್ತೂ ಅಲ್ಲ. ಸಮಸ್ತ ಪ್ರಜೆಗಳ ತೆರಿಗೆಯಿಂದ ಕಟ್ಟಲ್ಪಟ್ಟುವು. ಅವುಗಳ ಗೋಡೆಯಲ್ಲಿ ‘ನಾವು’ ಎಂದು ಬರೆದರೆ ಆ ‘ನಾವು’ ಎಂಬುದರಲ್ಲಿ ಯಾರು ಯಾರು ಸೇರುವರು? ದೇವರನ್ನು ನಂಬದವನೂ, ಬೇರೆ ಹೆಸರಿನಿಂದ ನಂಬುವವನೂ, ನಂಬಿದರೂ ಅದನ್ನು ಸರ್ಕಾರದ ಬಾಯಿಂದ ಕೇಳಲೊಲ್ಲದವನೂ ಅದರೊಳಗೆ ಬರುವರೋ, ಬಾರರೋ? ಈ ಪ್ರಶ್ನೆಯನ್ನು ಅತ್ಯಂತ ದೀರ್ಘಕಾಲ ಚರ್ಚಿಸಿದ ದೇಶವೆಂದರೆ ಅಮೇರಿಕಾ ಸಂಯುಕ್ತ ಸಂಸ್ಥಾನ. ಅಲ್ಲಿ ಧರ್ಮನಿರಪೇಕ್ಷರಾದ ಪೌರರು ಸರ್ಕಾರಿ ಸೌಧಗಳಲ್ಲಿನ ದೇವನಾಮವನ್ನು ವಿರೋಧಿಸಿ ಹೂಡಿದ ದಾವೆಗಳ ಇತಿಹಾಸವು ಭಕ್ತರಾದವರೂ ತಿಳಿಯಬೇಕಾದುದಾಗಿದೆ. ಆ ಇತಿಹಾಸವನ್ನು ಮೇಲುಮೇಲೆ ನೋಡಿದರೆ ಆಸ್ತಿಕರಿಗೂ ನಾಸ್ತಿಕರಿಗೂ ನಡೆದ ಜಗಳದಂತೆ ಕಾಣುವುದು. ಒಳಹೊಕ್ಕು ನೋಡಿದರೆ ಬೇರೊಂದು ಸತ್ಯವು ಗೋಚರವಾಗುವುದು.

೨. ತೋಟವೂ ಕಾಡೂ

ಮಾಸಚೂಸೆಟ್ಸ್ ಎಂಬ ವಸಾಹತಿನಲ್ಲಿ ೧೬೩೦ರ ದಶಕದಲ್ಲಿ ರೋಜರ್ ವಿಲಿಯಮ್ಸ್ ಎಂಬ ಪಾದ್ರಿಯಿದ್ದನು. ಅಧಿಕಾರಿಗಳಿಗೆ ಮನುಷ್ಯನ ದೇಹದ ಮೇಲೆಯೂ ಆಸ್ತಿಯ ಮೇಲೆಯೂ ಅಧಿಕಾರವುಂಟು, ಅವನ ಅಂತಃಕರಣದ ಮೇಲೆ ಇಲ್ಲವೆಂದು ಅವನು ಬೋಧಿಸಿದನು. ಅದಕ್ಕಾಗಿ ೧೬೩೫ರಲ್ಲಿ ಅವನಿಗೆ ಗಡೀಪಾರಿನ ಶಿಕ್ಷೆಯಾಯಿತು. ಮರುವರ್ಷ ಅವನು ಪ್ರಾವಿಡೆನ್ಸ್ ಎಂಬ ಊರನ್ನು ಕಟ್ಟಿ, ಅಲ್ಲಿ ಯಾವ ಮತದವನಿಗೂ ತಡೆಯಿಲ್ಲವೆಂದು ಸಾರಿದನು. ಆ ಊರಿನ ಸುತ್ತಲೇ ಮುಂದೆ ರೋಡ್ ಐಲೆಂಡ್ ಎಂಬ ಸಂಸ್ಥಾನವು ಬೆಳೆಯಿತು. ದೇವರ ಸಭೆಯನ್ನು ತೋಟಕ್ಕೂ ಲೋಕವ್ಯವಹಾರವನ್ನು ಕಾಡಿಗೂ ಹೋಲಿಸಿ, ನಡುವಣ ಗೋಡೆ ಬಿದ್ದರೆ ತೋಟವೇ ಕಾಡಾಗುವುದೆಂದು ೧೬೪೪ರಲ್ಲಿ ಅವನು ಬರೆದನು. ಅವನ ಭಯವು ಲೋಕವನ್ನು ಕುರಿತದ್ದಾಗಿರಲಿಲ್ಲ, ತೋಟವನ್ನು ಕುರಿತದ್ದಾಗಿತ್ತು. ಈ ಮಾತನ್ನು ವಾಚಕರು ನೆನಪಿನಲ್ಲಿಡತಕ್ಕದ್ದು.

೧೭೮೭ರಲ್ಲಿ ರಚಿತವಾದ ಅಮೇರಿಕದ ರಾಜ್ಯಾಂಗದಲ್ಲಿ ದೇವರನ್ನು ಕುರಿತ ಸ್ತುತಿಯಾಗಲಿ ಪ್ರಾರ್ಥನೆಯಾಗಲಿ ಇಲ್ಲ. ಯಾವ ಸರ್ಕಾರಿ ಹುದ್ದೆಗೂ ಮತಪರೀಕ್ಷೆ ಇರಕೂಡದೆಂದು ಅದರ ಆರನೆಯ ವಿಧಿಯು ಹೇಳುತ್ತದೆ. ೧೭೯೧ರಲ್ಲಿ ಸೇರಿದ ಮೊದಲನೆಯ ತಿದ್ದುಪಡಿಯು, ಯಾವ ಮತವನ್ನೂ ರಾಜ್ಯದ ಮತವನ್ನಾಗಿ ಸ್ಥಾಪಿಸುವ ಕಾಯಿದೆಯನ್ನು ಕಾಂಗ್ರೆಸ್ಸು ಮಾಡಬಾರದು, ಮತಾಚರಣೆಗೆ ಅಡ್ಡಿಯನ್ನೂ ಮಾಡಬಾರದು ಎಂದು ವಿಧಿಸಿತು. ಕಾಂಗ್ರೆಸ್ಸೆಂದರೆ ಅಲ್ಲಿಯ ಶಾಸನಸಭೆ. ಕನೆಕ್ಟಿಕಟ್ ಸಂಸ್ಥಾನದ ಡ್ಯಾನ್‌ಬರಿ ಎಂಬ ಊರಿನ ಬ್ಯಾಪ್ಟಿಸ್ಟ್ ಪಂಥದವರು ಅಲ್ಪಸಂಖ್ಯಾತರಾಗಿದ್ದು, ತಮ್ಮ ಧರ್ಮಸ್ವಾತಂತ್ರ್ಯವು ಇತರರ ಕೃಪೆಯಂತಾಗಿದೆ ಎಂದು ಅಧ್ಯಕ್ಷ ತಾಮಸ್ ಜೆಫರ್ಸನ್ನನಿಗೆ ಬಿನ್ನವಿಸಿಕೊಂಡರು. ಅವನು ೧೮೦೨ನೆಯ ಇಸವಿಯ ಜನವರಿ ೧ರಂದು ಬರೆದ ಉತ್ತರದಲ್ಲಿ, ಮತಕ್ಕೂ ರಾಜ್ಯಕ್ಕೂ ನಡುವೆ ಬೇರ್ಪಡಿಸುವ ಗೋಡೆಯೊಂದು ಎದ್ದಿರುವುದಾಗಿ ಹೇಳಿದನು. ಇಂತು ಆ ಗೋಡೆಯನ್ನು ಮೊದಲು ಬಯಸಿದವರು ನಾಸ್ತಿಕರಲ್ಲ. ತಮ್ಮ ದೇವರನ್ನು ತಮ್ಮ ರೀತಿಯಲ್ಲಿ ಪೂಜಿಸಬೇಕೆಂದಿದ್ದ ಭಕ್ತರು. ಬೇರ್ಪಡಿಸುವ ಆ ಗೋಡೆಯೂ, ಸರ್ಕಾರಿ ಸೌಧದ ಅಕ್ಷರ ಕೆತ್ತಿದ ಗೋಡೆಯೂ ಮುಂದೆ ಒಂದಕ್ಕೊಂದು ಎದುರಾಗಿ ನಿಂತುವು.

೩. ನಾಣ್ಯದ ಮೇಲಣ ಅಕ್ಷರ

ದೇವನಾಮವು ಅಮೇರಿಕದ ಸರ್ಕಾರಿ ವಸ್ತುವಿನ ಮೇಲೆ ಬಂದುದು ಯುದ್ಧಕಾಲದಲ್ಲಿ. ಉತ್ತರ ದಕ್ಷಿಣಗಳಿಗೆ ಅಂತರ್ಯುದ್ಧವು ಮೊದಲಾದ ೧೮೬೧ನೆಯ ವರ್ಷದ ನವೆಂಬರಿನಲ್ಲಿ, ಪೆನ್ಸಿಲ್ವೇನಿಯದ ವಾಟ್ಕಿನ್‌ಸನ್ ಎಂಬ ಪಾದ್ರಿಯು ಖಜಾನೆಯ ಮಂತ್ರಿ ಸಾಮನ್ ಚೇಸನಿಗೆ ಪತ್ರ ಬರೆದನು. ಈ ಗಣರಾಜ್ಯವು ಒಡೆದು ಹಾಳಾದರೆ ಮುಂದಿನ ಶತಮಾನಗಳ ಸಂಶೋಧಕರು ನಾಣ್ಯಗಳನ್ನು ನೋಡಿ, ಇವರು ದೇವರನ್ನರಿಯದ ಜನಾಂಗವೆಂದು ತಿಳಿಯಲಾರರೆ ಎಂಬುದು ಅವನ ಚಿಂತೆ. ಚೇಸನು ಫಿಲಡೆಲ್ಫಿಯದ ಟಂಕಸಾಲೆಯ ಅಧಿಕಾರಿಗೆ ತಕ್ಕ ವಾಕ್ಯವನ್ನು ಸಿದ್ಧಪಡಿಸುವಂತೆ ಅಪ್ಪಣೆ ಮಾಡಿದನು. ಹಲವು ತಿದ್ದುಪಾಟುಗಳಾದ ಮೇಲೆ ‘ಇನ್ ಗಾಡ್ ವಿ ಟ್ರಸ್ಟ್’, ಅಂದರೆ ‘ನಾವು ದೇವರನ್ನು ನಂಬಿದ್ದೇವೆ’ ಎಂಬ ವಾಕ್ಯವು ೧೮೬೪ರಲ್ಲಿ ಎರಡು ಸೆಂಟಿನ ನಾಣ್ಯದ ಮೇಲೆ ಮೊದಲ ಬಾರಿಗೆ ಅಚ್ಚಾಯಿತು.

ಆ ಕಾಲದಲ್ಲಿಯೇ ರಾಜ್ಯಾಂಗದ ಪೀಠಿಕೆಯಲ್ಲಿ ದೇವರನ್ನೂ ಕ್ರಿಸ್ತನನ್ನೂ ಅಧಿಕಾರದ ಮೂಲವೆಂದು ಹೆಸರಿಸಬೇಕೆಂಬ ಚಳುವಳಿ ಎದ್ದಿತು. ಅದನ್ನು ಎದುರಿಸಿದವರಲ್ಲಿ ಮುಖ್ಯನಾದವನು ಫ್ರಾನ್ಸಿಸ್ ಎಲಿಂಗ್‌ವುಡ್ ಆಬಟ್. ಇವನು ಮೊದಲು ಯೂನಿಟೇರಿಯನ್ ಪಂಥದ ಪಾದ್ರಿಯಾಗಿದ್ದು, ಬಳಿಕ ಆ ವೃತ್ತಿಯನ್ನು ಬಿಟ್ಟು ಪತ್ರಿಕೆಯನ್ನು ನಡೆಸಿದವನು. ೧೮೭೨ರಲ್ಲಿ ಅವನು ಒಂಬತ್ತು ಬೇಡಿಕೆಗಳನ್ನು ಪ್ರಕಟಿಸಿದನು. ಇಗರ್ಜಿಯ ಆಸ್ತಿಗೂ ತೆರಿಗೆ ಹಾಕಬೇಕು, ಸರ್ಕಾರದ ಸಂಬಳದ ಪಾದ್ರಿಗಳು ಇರಬಾರದು, ನ್ಯಾಯಸ್ಥಾನದ ಮತಪ್ರಮಾಣವನ್ನು ತೆಗೆದುಹಾಕಬೇಕು ಎಂಬಿವು ಅವುಗಳಲ್ಲಿ ಸೇರಿದ್ದುವು. ೧೮೭೪ರಲ್ಲಿ ಕಾಂಗ್ರೆಸ್ಸಿನ ಸಮಿತಿಯು ಪೀಠಿಕೆಯ ತಿದ್ದುಪಡಿಯನ್ನು ತಳ್ಳಿಹಾಕಿತು. ೧೮೭೬ರಲ್ಲಿ ಆಬಟ್ಟನ ಮುಂದಾಳುತನದಲ್ಲಿ ಧರ್ಮನಿರಪೇಕ್ಷ ಪೌರರ ರಾಷ್ಟ್ರೀಯ ಸಂಘವೊಂದು ಹುಟ್ಟಿತು. ರಾಜ್ಯಾಂಗದ ಮಾತು ಅಲ್ಲಿಗೆ ನಿಂತಿತಾದರೂ ನಾಣ್ಯದ ಮೇಲಣ ಅಕ್ಷರವು ನಿಂತೇ ಇತ್ತು.

ಆಮೇಲೆ ಆ ಅಕ್ಷರಕ್ಕೆ ಆಕ್ಷೇಪ ಬಂದುದು ಯಾರೂ ನಿರೀಕ್ಷಿಸದ ಕಡೆಯಿಂದ. ೧೯೦೭ರಲ್ಲಿ ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟನು ಹತ್ತು ಮತ್ತು ಇಪ್ಪತ್ತು ಡಾಲರುಗಳ ಚಿನ್ನದ ನಾಣ್ಯಗಳಿಗೆ ಹೊಸ ರೂಪ ಕೊಡಿಸಿದಾಗ ಅವುಗಳಲ್ಲಿ ಆ ವಾಕ್ಯವಿರಲಿಲ್ಲ. ಜನರು ಕೋಪಗೊಂಡರು. ಅವನು ಒಬ್ಬ ಪಾದ್ರಿಗೆ ಕೊಟ್ಟ ಉತ್ತರವು ಪ್ರಸಿದ್ಧವಾಗಿದೆ. ಕೈಯಿಂದ ಕೈಗೆ ಓಡಾಡುವ ದುಡ್ಡಿನ ಮೇಲೆ ಇಂತಹ ಗಂಭೀರ ವಾಕ್ಯವನ್ನು ಹಾಕುವುದು ಭಕ್ತಿಯಲ್ಲ, ಅದು ಪವಿತ್ರವಾದುದರ ಅವಮಾನಕ್ಕೆ ಸಮೀಪವಾದುದು. ಈ ವಾಕ್ಯದಿಂದ ಯಾರ ಹೃದಯವೂ ಅರಳಿದುದನ್ನು ತಾನು ಕಾಣೆನು, ಜನರು ಪರಿಹಾಸ್ಯ ಮಾಡುವುದನ್ನು ಮಾತ್ರ ಕೇಳಿದ್ದೇನೆ ಎಂಬುದು ಅವನ ಉತ್ತರದ ತಾತ್ಪರ್ಯ. ಆದರೆ ಅವನೇ, ನ್ಯಾಯಮಂದಿರಗಳಲ್ಲಿಯೂ ಶಾಸನಸಭಾಭವನಗಳಲ್ಲಿಯೂ ಮಹಾಸ್ಮಾರಕಗಳಲ್ಲಿಯೂ ಅದನ್ನು ಕೆತ್ತುವುದು ಯೋಗ್ಯವೆಂದೂ ಹೇಳಿದನು. ಅಲ್ಲಿ ಅದು ಉನ್ನತ ಭಾವವನ್ನು ಎಚ್ಚರಿಸುವುದೆಂದು ಅವನ ಎಣಿಕೆ. ಕಾಂಗ್ರೆಸ್ಸು ೧೯೦೮ರ ಮೇ ತಿಂಗಳಲ್ಲಿ ಕಾಯಿದೆ ಮಾಡಿ ಆ ನಾಣ್ಯಗಳ ಮೇಲೆ ವಾಕ್ಯವನ್ನು ಮರಳಿ ಹಾಕಿಸಿತು. ಸೌಧಗಳ ವಿಷಯದಲ್ಲಿ ರೂಸ್‌ವೆಲ್ಟನ ಎಣಿಕೆಯು ಫಲಿಸಿತೋ ಇಲ್ಲವೋ ಎಂಬುದನ್ನು ಮುಂದಿನ ಕಥೆಯು ತೋರಿಸುವುದು.

೪. ನಾಣ್ಯದಿಂದ ಸಭಾಭವನಕ್ಕೆ

ಎರಡನೆಯ ಮಹಾಯುದ್ಧದ ತರುವಾಯ ಅಮೇರಿಕಕ್ಕೂ ಸೋವಿಯೆತ್ ರಷ್ಯಕ್ಕೂ ವೈರ ಬೆಳೆಯಿತು. ರಷ್ಯದ ಸರ್ಕಾರವು ನಿರೀಶ್ವರವಾದವನ್ನು ಸಾರುತ್ತಿದ್ದುದರಿಂದ, ದೇವರ ಹೆಸರನ್ನು ಹೇಳುವುದೇ ದೇಶಾಭಿಮಾನದ ಗುರುತಾಯಿತು. ಶಾಲಾಬಾಲಕರು ಧ್ವಜದ ಮುಂದೆ ಹೇಳುವ ಪ್ರತಿಜ್ಞೆಯಲ್ಲಿ ‘ದೇವರ ಅಧೀನದಲ್ಲಿ’ ಎಂಬರ್ಥದ ಎರಡು ಪದಗಳನ್ನು ೧೯೫೪ನೆಯ ಜೂನ್ ೧೪ರಂದು ಸೇರಿಸಿದರು. ಎಲ್ಲ ನಾಣ್ಯಗಳ ಮೇಲೆಯೂ ನೋಟುಗಳ ಮೇಲೆಯೂ ದೇವನಂಬಿಕೆಯ ವಾಕ್ಯವಿರಬೇಕೆಂದು ೧೯೫೫ರ ಜುಲೈಯಲ್ಲಿ ಕಾಯಿದೆಯಾಯಿತು. ೧೯೫೬ನೆಯ ಜುಲೈ ೩೦ರಂದು ಅದೇ ವಾಕ್ಯವು ರಾಷ್ಟ್ರದ ಧ್ಯೇಯವಾಕ್ಯವಾಯಿತು. ಅದಕ್ಕೆ ಮೊದಲು, ೧೭೮೨ರ ರಾಜಮುದ್ರೆಯಲ್ಲಿದ್ದ, ‘ಅನೇಕರಿಂದ ಒಂದು’ ಎಂಬರ್ಥದ ಲ್ಯಾಟಿನ್ ವಾಕ್ಯವೇ ಧ್ಯೇಯವಾಕ್ಯದಂತೆ ನಡೆದುಬಂದಿತ್ತು.

೧೯೬೨ರಲ್ಲಿ ಎರಡು ಸಂಗತಿಗಳು ನಡೆದುವು. ನ್ಯೂಯಾರ್ಕ್ ಸಂಸ್ಥಾನದ ಶಿಕ್ಷಣಾಧಿಕಾರಿಗಳು ಸರ್ಕಾರಿ ಶಾಲೆಗಳಿಗಾಗಿ ೨೨ ಪದಗಳ ಪ್ರಾರ್ಥನೆಯೊಂದನ್ನು ರಚಿಸಿದ್ದರು. ಯಾವ ಪಂಥದವರಿಗೂ ನೋವಾಗದಂತೆ ಅಳೆದು ತೂಗಿ ಮಾಡಿದ ಪ್ರಾರ್ಥನೆ ಅದು. ಕೆಲವು ವಿದ್ಯಾರ್ಥಿಗಳ ತಂದೆತಾಯಿಗಳು ಅದನ್ನು ವಿರೋಧಿಸಿ ದಾವೆ ಹೂಡಿದರು. ಅವರಲ್ಲಿ ಯೆಹೂದ್ಯರೂ ಯೂನಿಟೇರಿಯನ್ನರೂ ಯಾವ ಮತಕ್ಕೂ ಸೇರದವರೂ ಇದ್ದರು. ಸರ್ಕಾರವು ಪ್ರಾರ್ಥನೆಯನ್ನು ರಚಿಸುವ ಕೆಲಸಕ್ಕೆ ಕೈಹಾಕಕೂಡದೆಂದು ಸುಪ್ರೀಂ ಕೋರ್ಟು ಜೂನ್ ೨೫ರಂದು ತೀರ್ಪು ಕೊಟ್ಟಿತು. ದೇಶದಲ್ಲಿ ದೊಡ್ಡ ಗದ್ದಲವೆದ್ದಿತು. ಅದೇ ವರ್ಷ ಕಾಂಗ್ರೆಸ್ಸಿನ ಪ್ರತಿನಿಧಿಸಭೆಯು ತನ್ನ ಭವನದಲ್ಲಿ ಸಭಾಧ್ಯಕ್ಷರ ಪೀಠದ ಮೇಲ್ಗಡೆ, ಗೋಡೆಯಲ್ಲಿ, ದೇವನಂಬಿಕೆಯ ವಾಕ್ಯವನ್ನು ಕೆತ್ತಿಸಿತು. ಒಂದು ಕಡೆ ನ್ಯಾಯಸ್ಥಾನವು ಸರ್ಕಾರದ ಪ್ರಾರ್ಥನೆಯನ್ನು ನಿಲ್ಲಿಸಿತು. ಇನ್ನೊಂದು ಕಡೆ ಶಾಸನಸಭೆಯು ಸರ್ಕಾರದ ಗೋಡೆಯ ಮೇಲೆ ದೇವನಾಮವನ್ನು ಬರೆಯಿತು. ಮುಂದಿನ ವ್ಯಾಜ್ಯಗಳೆಲ್ಲ ಈ ಎರಡರ ನಡುವೆ ನಡೆದುವು.

೫. ಅರ್ಥವಿಲ್ಲದುದರಿಂದ ಉಳಿದ ಅಕ್ಷರ

ಧ್ಯೇಯವಾಕ್ಯವನ್ನು ಪ್ರಶ್ನಿಸಿದ ಆರೊನೊ ಎಂಬಾತನ ದಾವೆಯನ್ನು ೧೯೭೦ರಲ್ಲಿ ಮೇಲ್ಮನವಿಯ ನ್ಯಾಯಸ್ಥಾನವು ವಜಾಮಾಡಿತು. ಈ ವಾಕ್ಯಕ್ಕೂ ಮತಸ್ಥಾಪನೆಗೂ ಯಾವ ಸಂಬಂಧವೂ ಇಲ್ಲ, ಇದು ದೇಶಾಭಿಮಾನದ ಹಾಗೂ ಉಪಚಾರದ ಮಾತು ಎಂಬುದು ಅದು ಕೊಟ್ಟ ಕಾರಣ. ಪ್ರಸಿದ್ಧ ನಿರೀಶ್ವರವಾದಿಯಾದ ಮ್ಯಾಡಲಿನ್ ಮರ್ರೆ ಓಹೇರ್ ಎಂಬಾಕೆಯು ನೋಟಿನ ಮೇಲಣ ವಾಕ್ಯವನ್ನು ಕುರಿತು ಹೂಡಿದ ದಾವೆಯೂ ಆ ದಶಕದ ಕೊನೆಯಲ್ಲಿ ಹಾಗೆಯೇ ಮುಗಿಯಿತು.

ಇಂತಹ ಮಾತುಗಳಿಗೆ ಅಲ್ಲಿಯ ಕಾನೂನುಪಂಡಿತರು ‘ಔಪಚಾರಿಕ ದೇವವಾದ’ ಎನ್ನಬಹುದಾದ ಹೆಸರೊಂದನ್ನು ಇಟ್ಟರು. ಯೇಲ್ ವಿಶ್ವವಿದ್ಯಾಲಯದ ಯೂಜೀನ್ ರಾಸ್ಟೋ ೧೯೬೨ರಲ್ಲಿ ಬಳಸಿದ ಪದವದು. ಸುಪ್ರೀಂ ಕೋರ್ಟಿನ ನ್ಯಾಯಾಧೀಶ ವಿಲಿಯಂ ಬ್ರೆನನ್ನರು ೧೯೮೪ರ ತಮ್ಮ ಭಿನ್ನಾಭಿಪ್ರಾಯದ ತೀರ್ಪಿನಲ್ಲಿ ಅದನ್ನು ಎತ್ತಿಕೊಂಡು, ಇಂತಹ ವಾಕ್ಯಗಳು ನ್ಯಾಯಸ್ಥಾನದ ಆಕ್ಷೇಪಕ್ಕೆ ಸಿಕ್ಕದಿರುವುದಕ್ಕೆ ಕಾರಣವು ಬಹುಶಃ ಇದೇ ಇರಬಹುದೆಂದರು: ಎಂದಿನಂತೆ ಬಾಯಿಪಾಠವಾಗಿ ಹೇಳಿ ಹೇಳಿ ಅವುಗಳೊಳಗಿನ ಧಾರ್ಮಿಕ ಸತ್ವವೇ ಸವೆದುಹೋಗಿದೆ. ೨೦೦೪ರಲ್ಲಿ ಧ್ವಜಪ್ರತಿಜ್ಞೆಯ ವ್ಯಾಜ್ಯವು ಸುಪ್ರೀಂ ಕೋರ್ಟಿಗೆ ಬಂದಾಗ, ಫಿರ್ಯಾದಿಗೆ ದಾವೆ ಹೂಡುವ ಅರ್ಹತೆಯಿಲ್ಲವೆಂದು ಅದನ್ನು ಬಿಟ್ಟುಬಿಟ್ಟರು. ಆದರೆ ಸ್ಯಾಂಡ್ರಾ ಡೇ ಓಕಾನರ್ ಅವರು ತಮ್ಮ ಪ್ರತ್ಯೇಕ ಅಭಿಪ್ರಾಯದಲ್ಲಿ ಅದೇ ಔಪಚಾರಿಕ ದೇವವಾದದ ಆಧಾರದಿಂದ ಪ್ರತಿಜ್ಞೆಯ ಪದಗಳನ್ನು ಸಮರ್ಥಿಸಿದರು.

ವಾಷಿಂಗ್ಟನ್ನಿನ ಶಾಸನಭವನವನ್ನು ನೋಡಬರುವವರಿಗಾಗಿ ಕಟ್ಟಿದ ಹೊಸ ಕೇಂದ್ರವು ೨೦೦೮ನೆಯ ಡಿಸೆಂಬರಿನಲ್ಲಿ ತೆರೆಯಿತು. ಅಲ್ಲಿ ದೇವನಂಬಿಕೆಯ ವಾಕ್ಯಕ್ಕೆ ತಕ್ಕ ಸ್ಥಾನವಿಲ್ಲವೆಂದು ಕೆಲವು ಸದಸ್ಯರು ದೂರಿದರು. ೨೦೦೯ರಲ್ಲಿ ಕಾಂಗ್ರೆಸ್ಸು ಅದನ್ನು ಕೆತ್ತಿಸಲು ಠರಾವು ಮಾಡಿತು. ವಿಸ್ಕಾನ್ಸಿನ್ ಸಂಸ್ಥಾನದ ಮ್ಯಾಡಿಸನ್ ನಗರದಲ್ಲಿರುವ ‘ಫ್ರೀಡಂ ಫ್ರಮ್ ರಿಲಿಜನ್ ಫೌಂಡೇಷನ್’ ಎಂಬ ಧರ್ಮನಿರಪೇಕ್ಷರ ಸಂಸ್ಥೆಯು ಆಗಲೇ ದಾವೆ ಹೂಡಿತಾದರೂ ಸಫಲವಾಗಲಿಲ್ಲ. ೨೦೧೧ನೆಯ ನವೆಂಬರ್ ೧ರಂದು ಪ್ರತಿನಿಧಿಸಭೆಯು ಈ ಧ್ಯೇಯವಾಕ್ಯವನ್ನು ೩೯೬ಕ್ಕೆ ೯ ಮತಗಳಿಂದ ಪುನಃ ದೃಢಪಡಿಸಿ, ಎಲ್ಲ ಸಾರ್ವಜನಿಕ ಸೌಧಗಳಲ್ಲಿಯೂ ಅದನ್ನು ಪ್ರದರ್ಶಿಸಲು ಪ್ರೋತ್ಸಾಹವಿತ್ತಿತು. ಲೆಕ್ಕದಿಂದ ನೋಡಿದರೆ ಇಲ್ಲಿ ಧರ್ಮನಿರಪೇಕ್ಷರು ಸೋತರು. ಆದರೆ ಗೆದ್ದ ಪಕ್ಷಕ್ಕೆ ದೊರೆತ ಗೆಲುವು ಎಂತಹುದು? ಗೋಡೆಯ ಮೇಲಣ ದೇವರ ಹೆಸರಿಗೆ ದೇವರನ್ನು ಸ್ಮರಿಸುವ ಶಕ್ತಿ ಉಳಿದಿಲ್ಲವೆಂದು ವಾದಿಸಿ ಅದನ್ನು ಉಳಿಸಿಕೊಂಡದ್ದು.

೬. ಅರ್ಥವಿದ್ದುದರಿಂದ ಹೊರಹೋದ ಕಲ್ಲು

ದಶಾಜ್ಞೆಗಳ ಕಥೆಯು ಇದಕ್ಕೆ ಇನ್ನೊಂದು ಮುಖವಾಗಿದೆ. ಯೆಹೂದ್ಯರಿಗೂ ಕ್ರೈಸ್ತರಿಗೂ ಪೂಜ್ಯವಾದ ಈ ಹತ್ತು ಕಟ್ಟಳೆಗಳನ್ನು ಪ್ರತಿಯೊಂದು ಸರ್ಕಾರಿ ಶಾಲೆಯ ಕೊಠಡಿಯಲ್ಲಿಯೂ ತೂಗುಹಾಕಬೇಕೆಂದು ಕೆಂಟಕಿ ಸಂಸ್ಥಾನವು ೧೯೭೮ರಲ್ಲಿ ಕಾಯಿದೆ ಮಾಡಿತು. ಅದಕ್ಕೆ ಬೇಕಾದ ಹಣವು ಖಾಸಗಿ ದಾನದಿಂದ ಬರತಕ್ಕದ್ದಾಗಿತ್ತು. ಸುಪ್ರೀಂ ಕೋರ್ಟು ೧೯೮೦ರಲ್ಲಿ ಅದನ್ನು ರದ್ದುಮಾಡಿತು. ಗೋಡೆಯ ಮೇಲೆ ತೂಗಿದ್ದರಿಂದ ಫಲವೇನಾದರೂ ಉಂಟಾಗುವುದಾದರೆ ಮಕ್ಕಳು ಅದನ್ನು ಓದಿ, ಧ್ಯಾನಿಸಿ, ಪೂಜ್ಯಭಾವದಿಂದ ಪಾಲಿಸುವುದೇ ಆ ಫಲ; ಅದು ಒಳ್ಳೆಯದೇ ಇರಬಹುದು, ಸರ್ಕಾರವು ಬಯಸತಕ್ಕ ಫಲವಲ್ಲ ಎಂಬುದು ತೀರ್ಪಿನ ಸಾರ.

ಆಲಬಾಮ ಸಂಸ್ಥಾನದ ಮುಖ್ಯ ನ್ಯಾಯಾಧೀಶ ರಾಯ್ ಮೂರ್ ೨೦೦೧ನೆಯ ಜುಲೈ ೩೧ರ ರಾತ್ರಿ ಮಾಂಟ್ಗಾಮರಿಯ ನ್ಯಾಯಭವನದ ಮಧ್ಯಾಂಗಣದಲ್ಲಿ ದಶಾಜ್ಞೆಗಳ ಗ್ರಾನೈಟ್ ಶಿಲೆಯನ್ನು ಇರಿಸಿದರು. ಅದರ ತೂಕ ೫,೨೮೦ ಪೌಂಡು. ಆ ನ್ಯಾಯಸ್ಥಾನಗಳಲ್ಲಿ ವೃತ್ತಿ ನಡೆಸುತ್ತಿದ್ದ ಮೂವರು ವಕೀಲರು ದಾವೆ ಹೂಡಿದರು. ಪ್ರತಿದಿನವೂ ಆ ಶಿಲೆಯನ್ನು ದಾಟಿಯೇ ನ್ಯಾಯವನ್ನು ಕೇಳಹೋಗಬೇಕು, ತಾವು ಅಲ್ಲಿ ಪರಕೀಯರೆಂಬ ಭಾವವು ತಮಗೆ ಉಂಟಾಗುತ್ತದೆ ಎಂಬುದು ಅವರ ದೂರು. ವಿಚಾರಣೆಯಲ್ಲಿ ಮೂರ್ ಅವರು ಉಪಚಾರದ ಮಾತನ್ನಾಡಲಿಲ್ಲ. ದೇವರ ಸಾರ್ವಭೌಮತ್ವವನ್ನು ಒಪ್ಪಿ ಸಾರುವುದಕ್ಕಾಗಿಯೇ ತಾನು ಆ ಶಿಲೆಯನ್ನು ಇರಿಸಿದುದಾಗಿ ನೇರವಾಗಿ ಹೇಳಿದರು. ೨೦೦೨ರ ನವೆಂಬರಿನಲ್ಲಿ ಅದನ್ನು ತೆಗೆಯಬೇಕೆಂದು ತೀರ್ಪಾಯಿತು. ಅವರು ಆಜ್ಞೆಯನ್ನು ಮೀರಿದಾಗ ಜೊತೆಯ ಎಂಟು ನ್ಯಾಯಾಧೀಶರೇ ತೆಗೆಸಲು ಅಪ್ಪಣೆಮಾಡಿದರು. ೨೦೦೩ನೆಯ ಆಗಸ್ಟ್ ೨೭ರಂದು ಶಿಲೆಯು ಅಂಗಣದಿಂದ ಹೊರಟಿತು. ನವೆಂಬರ್ ೧೩ರಂದು ಮೂರ್ ಅವರೂ ಹುದ್ದೆಯನ್ನು ಕಳೆದುಕೊಂಡರು.

೨೦೦೫ನೆಯ ಜೂನ್ ೨೭ರಂದು ಸುಪ್ರೀಂ ಕೋರ್ಟು ಒಂದೇ ದಿನ ಎರಡು ತೀರ್ಪುಗಳನ್ನು ಕೊಟ್ಟಿತು. ಎರಡೂ ಐದಕ್ಕೆ ನಾಲ್ಕರ ಬಹುಮತದವು. ಕೆಂಟಕಿಯ ಎರಡು ಜಿಲ್ಲೆಗಳ ನ್ಯಾಯಾಲಯಗಳಲ್ಲಿ ೧೯೯೯ರಲ್ಲಿ ತೂಗಿದ ದಶಾಜ್ಞೆಗಳ ಚೌಕಟ್ಟುಗಳು ಧಾರ್ಮಿಕ ಉದ್ದೇಶದಿಂದ ಬಂದುವೆಂದು ಅವನ್ನು ನಿಷೇಧಿಸಿತು. ಟೆಕ್ಸಾಸಿನ ಶಾಸನಭವನದ ಆವರಣದಲ್ಲಿ ೧೯೬೧ರಿಂದ ನಿಂತಿದ್ದ ಆರಡಿ ಎತ್ತರದ ದಶಾಜ್ಞಾಶಿಲೆಯನ್ನು ಇರಗೊಟ್ಟಿತು. ಎರಡನೆಯದಕ್ಕೆ ನಿರ್ಣಾಯಕ ಮತವಿತ್ತ ಸ್ಟೀಫನ್ ಬ್ರಾಯರ್ ಅವರು, ನಾಲ್ವತ್ತು ವರ್ಷ ಯಾರೂ ನ್ಯಾಯಸ್ಥಾನದಲ್ಲಿ ಆಕ್ಷೇಪಿಸಲಿಲ್ಲ, ಇತರ ಹಲವು ಸ್ಮಾರಕಗಳ ನಡುವೆ ಅದು ಇತಿಹಾಸದ ವಸ್ತುವಾಗಿದೆ, ಈಗ ತೆಗೆದರೆ ಅದರಿಂದಲೇ ಮತಕಲಹ ಹುಟ್ಟೀತು ಎಂದರು. ಶ್ರದ್ಧೆಯಿಂದ ಇಟ್ಟ ಕಲ್ಲು ಹೊರಹೋಯಿತು; ಹಳೆಯದಾಗಿ ಜನರ ಗಮನದಿಂದ ಜಾರಿದ ಕಲ್ಲು ಉಳಿಯಿತು.

೭. ವಿರೋಧಿಸಿದವರು ಯಾರು

ಧರ್ಮನಿರಪೇಕ್ಷ ಪೌರರೆಂದರೆ ದೇವದ್ವೇಷಿಗಳೆಂಬ ಮಾತು ಅಲ್ಲಿ ಬಹುಕಾಲದಿಂದ ಪ್ರಚಾರದಲ್ಲಿದೆ. ಅವರಲ್ಲಿ ನಿರೀಶ್ವರವಾದಿಗಳು ಅನೇಕರಿದ್ದರೆಂಬುದು ದಿಟ. ಆದರೆ ಶಾಲೆಗಳಲ್ಲಿ ಬೈಬಲ್ಲಿನ ವಾಚನವನ್ನು ೧೯೬೩ರಲ್ಲಿ ನಿಲ್ಲಿಸಿದ ದಾವೆಯ ಒಂದು ಕುಟುಂಬವು ಯೂನಿಟೇರಿಯನ್ ಪಂಥದ್ದಾಗಿತ್ತು. ಮತಕ್ಕೂ ರಾಜ್ಯಕ್ಕೂ ಅಂತರವಿರಬೇಕೆಂದು ೧೯೪೭ರಿಂದ ಹೋರಾಡುತ್ತಿರುವ ‘ಅಮೇರಿಕನ್ಸ್ ಯುನೈಟೆಡ್’ ಎಂಬ ಸಂಸ್ಥೆಯನ್ನು ೧೯೯೨ರಿಂದ ೨೦೧೭ರವರೆಗೆ ನಡೆಸಿದ ಬ್ಯಾರಿ ಲಿನ್ ದೀಕ್ಷೆ ಪಡೆದ ಪಾದ್ರಿಯೇ ಆಗಿದ್ದರು. ಲೂಯಿಸಿಯಾನ ಸಂಸ್ಥಾನವು ಶಾಲೆಯ ಕೊಠಡಿಗಳಲ್ಲಿ ದಶಾಜ್ಞೆಗಳನ್ನು ಕಡ್ಡಾಯಮಾಡಿ ೨೦೨೪ರಲ್ಲಿ ಕಾಯಿದೆ ತಂದಾಗ, ಕೆಲವೇ ದಿನಗಳೊಳಗೆ ದಾವೆ ಹೂಡಿದ ಕುಟುಂಬಗಳಲ್ಲಿ ಯೆಹೂದ್ಯರೂ ಕ್ರೈಸ್ತರೂ ಮತವಿಲ್ಲದವರೂ ಕೂಡಿದ್ದರು. ಅಷ್ಟು ಹೊತ್ತಿಗೆ, ಅಂದರೆ ೨೦೨೨ರ ಒಂದು ತೀರ್ಪಿನಿಂದ, ಸುಪ್ರೀಂ ಕೋರ್ಟು ಹಳೆಯ ಪರೀಕ್ಷೆಯನ್ನು ಬಿಟ್ಟು ಇತಿಹಾಸಕ್ಕೂ ಸಂಪ್ರದಾಯಕ್ಕೂ ಹೆಚ್ಚಿನ ಬೆಲೆ ಕೊಡತೊಡಗಿತ್ತು.

ವಿರೋಧಿಸಿದವರು ತೆತ್ತ ಬೆಲೆಯನ್ನೂ ಇಲ್ಲಿ ಹೇಳಬೇಕು. ರೋಜರ್ ವಿಲಿಯಮ್ಸನ ರೋಡ್ ಐಲೆಂಡಿನಲ್ಲಿಯೇ, ಅವನು ಕಟ್ಟಿದ ಪ್ರಾವಿಡೆನ್ಸಿಗೆ ಹೊಂದಿದ ಕ್ರಾನ್‌ಸ್ಟನ್ ನಗರದ ಸರ್ಕಾರಿ ಪ್ರೌಢಶಾಲೆಯೊಂದರ ಸಭಾಗೃಹದಲ್ಲಿ ೧೯೬೩ರ ವಿದ್ಯಾರ್ಥಿಗಳ ಕಾಣಿಕೆಯಾದ ಪ್ರಾರ್ಥನಾಫಲಕವಿತ್ತು. ಸ್ವರ್ಗದ ತಂದೆಯನ್ನು ಸಂಬೋಧಿಸಿ ಆರಂಭವಾಗಿ ‘ಆಮೆನ್’ ಎಂದು ಮುಗಿಯುವ ಆ ಫಲಕವನ್ನು ಅಲ್ಲಿಯ ವಿದ್ಯಾರ್ಥಿನಿಯೊಬ್ಬಳು ಪ್ರಶ್ನಿಸಿದಳು. ೨೦೧೨ನೆಯ ಜನವರಿ ೧೧ರಂದು ಅದನ್ನು ತೆಗೆಯಬೇಕೆಂದು ತೀರ್ಪಾದಾಗ ಆಕೆಗೆ ಹದಿನಾರು ವರ್ಷ ವಯಸ್ಸು. ಆಕೆಗೆ ಬೆದರಿಕೆಗಳು ಬಂದುವು. ಪೊಲೀಸರ ಬೆಂಗಾವಲು ಬೇಕಾಯಿತು. ಆಕೆಯನ್ನು ಅಭಿನಂದಿಸಲು ದೂರದವರು ಹೂಗಳನ್ನು ಕಳುಹಿಸಹೋದರೆ ಅಲ್ಲಿಯ ಹೂವಿನ ಅಂಗಡಿಯವರು ಕೊಂಡೊಯ್ದು ಮುಟ್ಟಿಸಲು ಒಪ್ಪಲಿಲ್ಲ. ದಯೆಯನ್ನೂ ಸೌಜನ್ಯವನ್ನೂ ದೇವರಲ್ಲಿ ಬೇಡುವ ಮಾತುಗಳೇ ಆ ಫಲಕದಲ್ಲಿದ್ದುವು. ಅದನ್ನು ಕಾಪಾಡಹೊರಟವರಲ್ಲಿ ಕೆಲವರು ಒಬ್ಬ ಹುಡುಗಿಗೆ ತೋರಿಸಿದುದು ಇದು.

ಇನ್ನೊಂದು ಪಕ್ಷದ ಮಾತಿನಲ್ಲಿಯೂ ಹುರುಳಿಲ್ಲದಿಲ್ಲ. ೧೭೭೬ರ ಸ್ವಾತಂತ್ರ್ಯಘೋಷಣೆಯೇ ಮನುಷ್ಯನ ಹಕ್ಕುಗಳನ್ನು ಸೃಷ್ಟಿಕರ್ತನ ಕೊಡುಗೆಯೆನ್ನುತ್ತದೆ. ಸುಪ್ರೀಂ ಕೋರ್ಟಿನ ಸಭಾಂಗಣದಲ್ಲಿ, ೧೯೩೫ರಲ್ಲಿ ಆ ಸೌಧವು ತೆರೆದಂದಿನಿಂದ, ನ್ಯಾಯಪ್ರವರ್ತಕರ ಸಾಲಿನಲ್ಲಿ ಮೋಶೆಯ ರೂಪವೂ ಇದೆ. ಜನಾಂಗದ ಬಾಳಿನಲ್ಲಿ ಬೆರೆತುಹೋದ ಭಕ್ತಿಯ ಗುರುತುಗಳನ್ನೆಲ್ಲ ಕೆರೆದು ತೆಗೆದರೆ ಸರ್ಕಾರವು ಮತಗಳ ನ್ಯಾಯಾಧೀಶನಾಗದೆ ಮತದ ವೈರಿಯಾದೀತು ಎಂಬುದು ಅವರ ಅಂಜಿಕೆ. ಓದಲೇಬೇಕೆಂಬ ನಿರ್ಬಂಧವಿಲ್ಲದ ಅಕ್ಷರದಿಂದ ಯಾರಿಗೇನು ಹಾನಿಯೆಂದೂ ಅವರು ಕೇಳುವರು. ಹಳೆಯ ಗುರುತು ಇರುವುದು ಬೇರೆ, ಇಂದಿನ ಅಧಿಕಾರವು ಹೊಸದಾಗಿ ಬೋಧಿಸುವುದು ಬೇರೆ ಎಂಬ ವಿವೇಕವು ೨೦೦೫ರ ಎರಡು ತೀರ್ಪುಗಳಲ್ಲಿಯೂ ಇದ್ದಿತು.

೮. ಭರತಖಂಡದಲ್ಲಿ

ಇದೇ ಪ್ರಶ್ನೆಯು ಭಾರತದ ರಾಜ್ಯಾಂಗವು ರಚಿತವಾಗುವಾಗಲೂ ಬಂದಿತು. ೧೯೪೯ನೆಯ ಅಕ್ಟೋಬರ್ ೧೭ರಂದು, ಬಾಬು ರಾಜೇಂದ್ರಪ್ರಸಾದರ ಅಧ್ಯಕ್ಷತೆಯಲ್ಲಿ ನೆರೆದ ರಾಜ್ಯಾಂಗಸಭೆಯಲ್ಲಿ, ಮಂಗಳೂರಿನಲ್ಲಿ ಹುಟ್ಟಿದ ಹರಿ ವಿಷ್ಣು ಕಾಮತರು ಪೀಠಿಕೆಯು ‘ದೇವರ ಹೆಸರಿನಲ್ಲಿ’ ಎಂದು ಆರಂಭವಾಗಬೇಕೆಂದು ತಿದ್ದುಪಡಿಯನ್ನು ತಂದರು. ಹೃದಯನಾಥ ಕುಂಜ್ರೂ ಅವರು ಅದನ್ನು ವಿರೋಧಿಸಿದರು. ಅಂತರಂಗದ ವಿಷಯದಲ್ಲಿ ಒಬ್ಬರ ಭಾವನೆಯನ್ನು ಇನ್ನೊಬ್ಬರ ಮೇಲೆ ಹೇರುವುದು, ಆಲೋಚನೆ ನಂಬಿಕೆ ಪೂಜೆಗಳ ಸ್ವಾತಂತ್ರ್ಯವನ್ನು ಕೊಡುವ ಅದೇ ಪೀಠಿಕೆಗೆ ವಿರುದ್ಧವಾಗುವುದೆಂದರು. ದೇವರನ್ನು ಮತಕ್ಕೆ ಹಾಕುವ ಸಂಕಟವನ್ನು ಸಭೆಗೆ ತರಬೇಡಿರೆಂದು ಪೂರ್ಣಿಮಾ ಬ್ಯಾನರ್ಜಿಯವರು ಬೇಡಿಕೊಂಡರು. ಕಾಮತರು ಹಿಂದೆಗೆಯಲಿಲ್ಲ. ೪೧ಕ್ಕೆ ೬೮ ಮತಗಳಿಂದ ತಿದ್ದುಪಡಿಯು ಬಿದ್ದುಹೋಯಿತು. ವಿರೋಧಿಸಿದ ೬೮ ಮಂದಿಯಲ್ಲಿ ದೈವಭಕ್ತರು ಇರಲಿಲ್ಲವೆಂದು ಯಾರೂ ಹೇಳಲಾರರು. ಪ್ರಮಾಣವಚನದಲ್ಲಿ ಮಾತ್ರ, ದೇವರ ಹೆಸರಿನಲ್ಲಿ ಆಣೆಯಿಡುವುದನ್ನೋ ಸತ್ಯನಿಷ್ಠೆಯಿಂದ ದೃಢೀಕರಿಸುವುದನ್ನೋ ಆರಿಸಿಕೊಳ್ಳುವ ಹೊಣೆಯು ಪ್ರಮಾಣ ಮಾಡುವವನಿಗೇ ಉಳಿಯಿತು. ಗೋಡೆಯ ಅಕ್ಷರಕ್ಕೂ ಬಾಯ ಮಾತಿಗೂ ಇರುವ ಭೇದವಿದು: ಮೊದಲನೆಯದನ್ನು ಎಲ್ಲರ ಪರವಾಗಿ ಬರೆದಿರುವರು, ಎರಡನೆಯದನ್ನು ಅವನವನೇ ಹೇಳುವನು.

ಅಮೇರಿಕವು ದೇವನಂಬಿಕೆಯನ್ನು ಧ್ಯೇಯವಾಕ್ಯಮಾಡಿಕೊಂಡ ೧೯೫೬ರಲ್ಲಿಯೇ ಬೆಂಗಳೂರಿನ ವಿಧಾನಸೌಧವೂ ಪೂರ್ಣವಾಯಿತು. ಕೆಂಗಲ್ ಹನುಮಂತಯ್ಯನವರ ಸಂಕಲ್ಪದಿಂದ ಎದ್ದ ಆ ಸೌಧದ ಮುಂಭಾಗದಲ್ಲಿ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂಬ ವಾಕ್ಯವಿದೆ. ಇದು ಪ್ರಜೆಗಳಿಗೆ ಇಂತಹ ದೇವರನ್ನು ನಂಬಿರೆಂದು ಹೇಳುವುದಿಲ್ಲ. ಒಳಗೆ ಹೋಗುವ ಅಧಿಕಾರಿಗೆ ಕೆಲಸವನ್ನು ಪೂಜೆಯಂತೆ ಮಾಡೆಂದು ಹೇಳುತ್ತದೆ. ಕಾಯಕದ ಮಹಿಮೆಯನ್ನು ಬಲ್ಲ ನಾಡಿನಲ್ಲಿ ಆ ಅರ್ಥವನ್ನು ವಿವರಿಸಬೇಕಾಗಿಲ್ಲ. ಆದರೂ ಕಡತವು ಮುಂದೆ ಸಾಗದೆ ಕಚೇರಿಯಿಂದ ಕಚೇರಿಗೆ ಅಲೆದು ಬಸವಳಿದ ರೈತನ ಬಾಯಲ್ಲಿ ಅದೇ ವಾಕ್ಯವು ಕೊಂಕುನುಡಿಯಾಗಿ ಹೊರಡುವುದುಂಟು. ನಾಣ್ಯದ ಮೇಲಣ ದೇವನಾಮವು ಪರಿಹಾಸ್ಯಕ್ಕೆ ಗುರಿಯಾಯಿತೆಂದು ರೂಸ್‌ವೆಲ್ಟನು ೧೯೦೭ರಲ್ಲಿ ಹೇಳಿದುದು ಇಲ್ಲಿ ನೆನಪಿಗೆ ಬಾರದಿರದು. ಸೌಧದ ಗೋಡೆಯು ನಾಣ್ಯಕ್ಕಿಂತ ದೊಡ್ಡದು. ಆದರೆ ಒಳಗಿನ ನಡತೆಯು ಕೆಟ್ಟರೆ ಅಲ್ಲಿಯ ಅಕ್ಷರಕ್ಕೂ ಅದೇ ಗತಿ.

೯. ಉಪಸಂಹಾರ

ಈ ಇತಿಹಾಸದಿಂದ ಹೊರಡುವ ತಾತ್ಪರ್ಯವನ್ನು ಸಂಕ್ಷೇಪವಾಗಿ ಹೇಳಬಹುದು. ಸರ್ಕಾರಿ ಸೌಧದಲ್ಲಿ ದೇವನಾಮವನ್ನು ವಿರೋಧಿಸಿದ ಪೌರರು ಆ ನಾಮಕ್ಕೆ ಅರ್ಥವುಂಟೆಂದು ಹಿಡಿದು ವಾದಿಸಿದರು. ‘ನಾವು ದೇವರನ್ನು ನಂಬಿದ್ದೇವೆ’ ಎಂದರೆ ನಂಬಿದ್ದೇವೆ ಎಂದೇ ಅರ್ಥ, ಆದುದರಿಂದ ನಂಬದವನ ಪರವಾಗಿ ಅದನ್ನು ಹೇಳಲಾಗದು ಎಂಬುದು ಅವರ ವಾದ. ಅದನ್ನು ಉಳಿಸಬೇಕೆಂದವರ ವಕೀಲರೋ, ಅದು ವಾಡಿಕೆಯ ಮಾತು, ಅದಕ್ಕೆ ಅಷ್ಟು ಅರ್ಥವಿಲ್ಲವೆಂದು ನ್ಯಾಯಸ್ಥಾನದಲ್ಲಿ ನಿಂತು ವಾದಿಸಬೇಕಾಯಿತು. ದೇವರ ಮಾತನ್ನು ನಿಜವಾದ ಮಾತೆಂದು ತೆಗೆದುಕೊಂಡವರು ಈ ಇಬ್ಬರಲ್ಲಿ ಯಾರೆಂಬುದನ್ನು ಭಕ್ತರು ಯೋಚಿಸತಕ್ಕದ್ದು.

ಮಂತ್ರವು ಗುರುವಿನಿಂದ ಶಿಷ್ಯನಿಗೆ ಕಿವಿಯಲ್ಲಿ ಬರುವುದು. ಅದನ್ನು ಪಡೆದವನು ಬಾಳಿನಿಂದ ಅದಕ್ಕೆ ಅರ್ಥವನ್ನು ತುಂಬುವನು. ಬಹುಮತದಿಂದ ಅದನ್ನು ಗೊತ್ತುಮಾಡುವಂತಿಲ್ಲ, ಕಾಯಿದೆಯಿಂದ ಕೊಡುವಂತಿಲ್ಲ. ಸರ್ಕಾರವು ದೇವರ ಹೆಸರನ್ನು ತನ್ನ ಗೋಡೆಯ ಮೇಲೆ ಬರೆದು, ನ್ಯಾಯಸ್ಥಾನದಲ್ಲಿ ಅದನ್ನು ಸಮರ್ಥಿಸಿಕೊಳ್ಳಲು ಅದರ ಅರ್ಥವನ್ನು ಕಳೆಯಬೇಕಾಗಿ ಬಂದರೆ, ಗೋಡೆಗೆ ಅಲಂಕಾರವಾಯಿತೇ ಹೊರತು ನಾಮಕ್ಕೆ ಗೌರವವಾಗಲಿಲ್ಲ. ಮಠ, ಮನೆ, ಮನಸ್ಸು ಇವು ಆ ನಾಮಕ್ಕೆ ತೆರೆದೇ ಇರುವುವು. ಗಡೀಪಾರಾದ ರೋಜರ್ ವಿಲಿಯಮ್ಸನು ತೋಟಕ್ಕೆ ಗೋಡೆ ಬೇಕೆಂದುದು ತೋಟದ ಮೇಲಣ ಪ್ರೀತಿಯಿಂದ. ಅವನ ಊರಿನ ಮಗ್ಗುಲಲ್ಲಿಯೇ ಮುನ್ನೂರೆಪ್ಪತ್ತಕ್ಕೂ ಹೆಚ್ಚು ವರ್ಷಗಳ ಮೇಲೆ ಒಬ್ಬ ಹುಡುಗಿಯು ಕೇಳಿದುದೂ ಅದೇ ಗೋಡೆಯನ್ನು. ಇಬ್ಬರ ನಂಬಿಕೆಯೂ ಒಂದಾಗಿರಲಿಲ್ಲ. ಆದರೂ ಒಬ್ಬರಿಗೆ ದೊರೆತ ರಕ್ಷಣೆಯು ಇನ್ನೊಬ್ಬರಿಗೂ ದೊರೆಯುವಷ್ಟು ಕಾಲ ಇಬ್ಬರೂ ಆ ನಾಡಿನಲ್ಲಿ ತಲೆಯೆತ್ತಿ ಬಾಳಬಲ್ಲರು.